ಆ್ಯಪ್ ಕೊಟ್ಟರೆ ಮುಗೀತಾ? ಕಿವುಡ ಸಹಪಾಠಿಗೆ ಪಾಠ ತಲುಪಿಸುವ ಮಾತು

ವಿಟಿಯು ನಿಯಮದ ಪ್ರಕಾರ ಶೇ 85 ಹಾಜರಿ ಬೇಕೇ ಬೇಕು. ಮಳವಳ್ಳಿ ಬಸ್ಸು ತಡವಾದಾಗ, ಮದ್ದೂರಿನಲ್ಲಿ ರೈಲು ತಪ್ಪಿದಾಗ ನಮಗೆಲ್ಲ ಮೊದಲು ನೆನಪಾಗೋದು ಇದೇ ನಿಯಮ. ಆದರೆ ಹಾಜರಿ ಪುಸ್ತಕ ನೋಡೋದು ಒಂದನ್ನೇ: ಮೈ ಬೆಂಚಿನ ಮೇಲೆ ಇದೆಯಾ ಅಂತ. ಪಾಠ ತಲುಪಿತಾ ಅಂತ ಅದು ಕೇಳಲ್ಲ. ಕೇಳಿಸಿಕೊಳ್ಳೋ ಶಕ್ತಿ ಇರುವ ನಮಗೆ ಇದು ದೊಡ್ಡ ವಿಷಯವಲ್ಲ. ಪಾಠ ತಲುಪದಿದ್ದರೆ ಬಹಳ ಸಲ ಕಾರಣ ನಿದ್ದೆ, ಇಲ್ಲವೇ ಮೊಬೈಲು. ಕಿವುಡ ಸಹಪಾಠಿಯ ವಿಷಯ ಹಾಗಲ್ಲ. ನೂರಕ್ಕೆ ನೂರು ಹಾಜರಿ ಇಟ್ಟುಕೊಂಡೂ ಅವರು ನಾಲ್ಕು ವರ್ಷ ಪಾಠದ ಹೊರಗೇ ಉಳಿದುಬಿಡಬಹುದು.

ಮದ್ದೂರು ಸ್ಟೇಷನ್ನಿನಲ್ಲಿ ರೈಲು ಬರೋ ಪ್ಲಾಟ್‌ಫಾರ್ಮ್ ಬದಲಾಗಿದೆ ಅಂತ ಮೈಕಿನಲ್ಲಿ ಹೇಳಿದರು ಅಂದುಕೊಳ್ಳಿ. ಕಿವಿ ಕೇಳದವರಿಗೆ ಅದು ಗೊತ್ತಾಗೋದು ಜನ ಎದ್ದು ಓಡೋದನ್ನ ನೋಡಿದ ಮೇಲೆ. ತರಗತಿಯಲ್ಲೂ ಹೀಗೇ. ಪಕ್ಕದವರು ಪುಟ ತಿರುಗಿಸಿದರೆ ತಾವೂ ತಿರುಗಿಸೋದು, ಎಲ್ಲರೂ ನಕ್ಕರೆ ತಾವೂ ನಗೋದು. ಮೇಷ್ಟ್ರು "ಅರ್ಥ ಆಯ್ತಾ?" ಅಂದಾಗ ಎಲ್ಲರ ಜೊತೆ ತಲೆ ಆಡಿಸೋದು. ಆ ತಲೆ ಆಡಿಸುವಿಕೆಯನ್ನೇ ನಾವು ಉತ್ತರ ಅಂತ ತಗೊಂಡು ಮುಂದಕ್ಕೆ ಹೋಗ್ತೀವಿ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡಬೇಕು ಅಂತ ಅದು ಹೇಳುತ್ತೆ. ಸೀಟು ಸಿಕ್ಕಿತು, ಸರಿ. ಆಮೇಲೆ? ನ್ಯಾಕ್ ತಂಡ ಬರೋ ಹೊತ್ತಿಗೆ ರ‍್ಯಾಂಪ್ ಆಗುತ್ತೆ, ಲಿಫ್ಟ್ ಆಗುತ್ತೆ. ಅವು ಬೇಕು, ಬೇಡ ಅಂತಲ್ಲ. ಆದರೆ ಕಿವುಡ ವಿದ್ಯಾರ್ಥಿಗೆ ಮೆಟ್ಟಿಲು ಹತ್ತೋದು ಕಷ್ಟವಲ್ಲ, ಮೆಟ್ಟಿಲು ಹತ್ತಿ ಒಳಗೆ ಬಂದ ಮೇಲೆ ನಡೆಯೋ ಆ ಒಂದು ಗಂಟೆ ಕಷ್ಟ. ಈ ಬರಹ ಆ ಒಂದು ಗಂಟೆಯ ಬಗ್ಗೆ.

ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ. ಯಾವ ಸಹಾಯ ಬೇಕು ಅನ್ನೋದನ್ನ ಕಾಲೇಜು ತಾನೇ ತೀರ್ಮಾನಿಸಿ, ಎಲ್ಲರಿಗೂ ಒಂದೇ ಅಳತೆಯ ಸಮವಸ್ತ್ರ ಹೊಲಿಸಿದ ಹಾಗೆ ಹಂಚಬಾರದು. ಸೆಮಿಸ್ಟರಿನ ಮೊದಲ ವಾರಗಳಲ್ಲಿ ಇರುವ ದಾರಿಗಳನ್ನೆಲ್ಲ ಆ ವಿದ್ಯಾರ್ಥಿ ಬಳಸಿ ನೋಡಬೇಕು. ಥಿಯರಿಗೆ ಯಾವುದು, ಲ್ಯಾಬಿಗೆ ಯಾವುದು, ವೈವಾಗೆ ಯಾವುದು ಅಂತ ಅವರೇ ಆರಿಸಬೇಕು. ಆರಿಸಿದ್ದನ್ನ ಒದಗಿಸೋದು ಕಾಲೇಜಿನ ಕೆಲಸ, ಅದು ತರಗತಿಯಲ್ಲಿ ನಿಜವಾಗಿ ಕೆಲಸ ಮಾಡೋ ಹಾಗೆ ನೋಡಿಕೊಳ್ಳೋದು ಮೇಷ್ಟ್ರ ಕೆಲಸ ಮತ್ತು ನಮ್ಮ ಕೆಲಸ.

ಕಿವುಡರೆಲ್ಲ ಒಂದೇ ಥರ ಅಲ್ಲ

ನಮ್ಮ ಊರುಗಳಲ್ಲಿ ಕಿವಿ ಕೇಳದವರನ್ನ "ಮೂಗ" ಅಂದುಬಿಡೋ ರೂಢಿ ಇನ್ನೂ ಇದೆ. ಮಾತು ಬರುವವರನ್ನೂ ಹಾಗೇ ಕರೀತಾರೆ, ಸನ್ನೆ ಭಾಷೆಯಲ್ಲಿ ಗಂಟೆಗಟ್ಟಲೆ ಹರಟೋರನ್ನೂ ಹಾಗೇ ಕರೀತಾರೆ. ಈ ಒಂದು ಪದ ಎಷ್ಟು ಬೇರೆ ಬೇರೆ ಜನರನ್ನ ಒಂದೇ ಮೂಟೆಗೆ ತುಂಬುತ್ತೆ ನೋಡಿ.

ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ಶ್ರವಣ ನಷ್ಟ ಇದ್ದವರು ಕಿವುಡರು, 60ರಿಂದ 70 ಇದ್ದವರು ಮಂದ ಶ್ರವಣದವರು. ಆದರೆ ತರಗತಿಯಲ್ಲಿ ಈ ಅಂಕಿಗಿಂತ ಮುಖ್ಯವಾದದ್ದು ಅವರು ಬೆಳೆದು ಬಂದ ದಾರಿ. ಮೂವರು ವಿದ್ಯಾರ್ಥಿಗಳನ್ನ ಕಲ್ಪಿಸಿಕೊಳ್ಳೋಣ.

ಮಳವಳ್ಳಿ ಕಡೆಯ ಒಬ್ಬ ಹುಡುಗಿ. ಚಿಕ್ಕಂದಿನಲ್ಲೇ ಕಿವಿಯ ಮಿಷನ್ನು ಹಾಕಿಸಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಓಡಾಡಿಸಿ ಅಪ್ಪ ಅಮ್ಮ ಮಾತು ಕಲಿಸಿದ್ದಾರೆ. ಅವಳಿಗೆ ಕನ್ನಡ ಬರುತ್ತೆ, ಸನ್ನೆ ಭಾಷೆ ಬರಲ್ಲ. ಮದ್ದೂರಿನ ಒಬ್ಬ ಹುಡುಗ. ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಓದಿ, ಮೈಸೂರಿನ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬಂದಿದ್ದಾನೆ. ಅವನು ಯೋಚನೆ ಮಾಡೋದೇ ಸನ್ನೆ ಭಾಷೆಯಲ್ಲಿ. ಮಂಡ್ಯದ ಇನ್ನೊಬ್ಬ. ಹೈಸ್ಕೂಲಿನಲ್ಲಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು. ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಓದುತ್ತಾನೆ. ತುಟಿ ನೋಡಿ ತಿಳಿಯೋದೂ ಬರಲ್ಲ, ಸನ್ನೆಯೂ ಬರಲ್ಲ.

ಮೂವರ ಪ್ರಮಾಣಪತ್ರದಲ್ಲೂ ಒಂದೇ ಮಾತು ಬರೆದಿರುತ್ತೆ. ಮೊದಲನೆಯವಳಿಗೆ ಸನ್ನೆ ಭಾಷೆಯ ಅನುವಾದಕರನ್ನ ತಂದು ನಿಲ್ಲಿಸಿದರೆ ಪ್ರಯೋಜನ ಇಲ್ಲ. ಎರಡನೆಯವನಿಗೆ ಕಾಲರ್ ಮೈಕ್ ಕೊಟ್ಟರೆ ಪ್ರಯೋಜನ ಇಲ್ಲ. ಮೂರನೆಯವನನ್ನ ಮುಂದಿನ ಬೆಂಚಿನಲ್ಲಿ ಕೂರಿಸಿ "ತುಟಿ ನೋಡ್ಕೋ" ಅಂದರೆ ಅದು ಸಹಾಯವೇ ಅಲ್ಲ.

ಒಂದೊಂದು ದಾರಿಯ ಅಳತೆ

ಮೊದಲು ಕಿವಿಯ ಮಿಷನ್ನು. ಅದು ಕನ್ನಡಕದ ಹಾಗೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಮೇಷ್ಟ್ರ ದನಿಯ ಜೊತೆಗೆ ಫ್ಯಾನಿನ ಸದ್ದನ್ನೂ, ಬೆಂಚು ಎಳೆಯೋ ಸದ್ದನ್ನೂ, ಹೊರಗೆ ಕಬ್ಬು ತುಂಬಿಕೊಂಡು ಹೋಗೋ ಟ್ರ್ಯಾಕ್ಟರಿನ ಹಾಡನ್ನೂ ದೊಡ್ಡದು ಮಾಡುತ್ತೆ. ಫಿಸಿಕ್ಸ್ ನಮಗೆ ಗೊತ್ತಿದ್ದದ್ದೇ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತೆ. ಒಂದು ಮೀಟರಿನಲ್ಲಿ 65 ಇದ್ದ ದನಿ ನಾಲ್ಕು ಮೀಟರಿಗೆ 53. ಮುಚ್ಚಿದ ಕೋಣೆಯಲ್ಲಿ ಗೋಡೆಯ ಪ್ರತಿಧ್ವನಿ ಸೇರಿ ಇಳಿತ ಸ್ವಲ್ಪ ಕಡಿಮೆಯಾದರೂ ಮಾತು ಕಲಸಿಹೋಗುತ್ತೆ. ಇದಕ್ಕೆ ಪರಿಹಾರ ಮೇಷ್ಟ್ರ ಕಾಲರಿಗೆ ಚಿಕ್ಕ ಮೈಕ್ ಹಾಕಿ, ದನಿಯನ್ನ ನೇರವಾಗಿ ವಿದ್ಯಾರ್ಥಿಯ ಮಿಷನ್ನಿಗೆ ಕಳಿಸೋದು. ನಾಲ್ಕು ಮೀಟರ್ ದೂರದ ದನಿ ಒಂದು ಗೇಣು ಹತ್ತಿರ ಬಂದ ಹಾಗೆ. ಸ್ವಲ್ಪ ಶ್ರವಣ ಉಳಿದವರಿಗೆ, ಕಾಕ್ಲಿಯರ್ ಇಂಪ್ಲಾಂಟ್ ಆದವರಿಗೆ ಇದು ದೊಡ್ಡ ಸಹಾಯ. ಆದರೆ ಹಿಂದಿನ ಬೆಂಚಿನವನು ಕೇಳಿದ ಪ್ರಶ್ನೆ ಆ ಮೈಕಿಗೆ ಬೀಳಲ್ಲ. ಮೇಷ್ಟ್ರು ಪ್ರಶ್ನೆಯನ್ನ ಇನ್ನೊಮ್ಮೆ ಹೇಳಿ ಆಮೇಲೆ ಉತ್ತರ ಕೊಡಬೇಕು.

ಎರಡನೆಯದು ತುಟಿ ನೋಡಿ ತಿಳಿಯೋದು. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಪಾವು, ಬಾವು, ಮಾವು ಅನ್ನಿ. ಮೂರೂ ಒಂದೇ ಥರ ಕಾಣುತ್ತೆ. ಪೋಲ್ ಮತ್ತು ಮೋಲ್ ಕೂಡ ಹಾಗೇ. ಕ, ಗ ಅಂತೂ ಗಂಟಲಿನಲ್ಲಿ ಹುಟ್ಟೋ ಅಕ್ಷರಗಳು, ತುಟಿಯ ಮೇಲೆ ಕಾಣೋದೇ ಇಲ್ಲ. ಕಂಡಷ್ಟನ್ನ ಹಿಡಿದು ಉಳಿದದ್ದನ್ನ ಊಹಿಸಬೇಕು. ಗೊತ್ತಿರೋ ವಿಷಯವಾದರೆ ಊಹೆ ನಡೆಯುತ್ತೆ, ಇವತ್ತೇ ಮೊದಲ ಸಲ ಕೇಳೋ ಎಂಟ್ರೊಪಿಯನ್ನ ಊಹಿಸೋದು ಹೇಗೆ? ಅದರ ಮೇಲೆ ಮೇಷ್ಟ್ರು ಅರ್ಧ ಗಂಟೆ ಬೋರ್ಡಿನ ಕಡೆ ಮುಖ ಮಾಡಿ ಮಾತಾಡಿದರೆ ಊಹಿಸೋಕೆ ತುಟಿಯೂ ಇರಲ್ಲ.

ಮೂರನೆಯದು ಭಾರತೀಯ ಸನ್ನೆ ಭಾಷೆಯ ಅನುವಾದಕರು. ಇದು ಕೈಯಲ್ಲಿ ಆಡೋ ಕನ್ನಡವಲ್ಲ, ಕೈಯಲ್ಲಿ ಆಡೋ ಇಂಗ್ಲಿಷೂ ಅಲ್ಲ. ತನ್ನದೇ ವ್ಯಾಕರಣ ಇರುವ ಭಾಷೆ. ಇದಕ್ಕಾಗಿ ದೆಹಲಿಯಲ್ಲಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ಕ್ಕೆ 10,000 ಪದ ಮುಟ್ಟಿತು. ಸನ್ನೆಯಲ್ಲೇ ಬೆಳೆದವರಿಗೆ ಒಳ್ಳೆಯ ಅನುವಾದಕರು ಸಿಕ್ಕರೆ ಅದಕ್ಕೆ ಸಮ ಯಾವುದೂ ಇಲ್ಲ. ಪ್ರಶ್ನೆ ಕೇಳಬಹುದು, ವಾದ ಮಾಡಬಹುದು, ನಗೆಚಾಟಿಕೆಯೂ ತಲುಪುತ್ತೆ. ಆದರೆ ಎಂಜಿನಿಯರಿಂಗ್ ಗೊತ್ತಿರೋ ಅನುವಾದಕರು ಅಪರೂಪ. ಒಬ್ಬರೇ ಗಂಟೆಗಟ್ಟಲೆ ಮಾಡಿದರೆ ಸುಸ್ತಾಗಿ ತಪ್ಪು ಶುರುವಾಗುತ್ತೆ, ಅದಕ್ಕೇ ಇಬ್ಬರು ಸರದಿಯಲ್ಲಿ ಮಾಡೋದು ರೂಢಿ. ನಾಳೆಯ ಪಾಠದ ಸ್ಲೈಡು ಇವತ್ತೇ ಅವರ ಕೈಗೆ ಸಿಗದಿದ್ದರೆ ಅವರಾದರೂ ಏನು ಮಾಡಿಯಾರು?

ನಾಲ್ಕನೆಯದು ಅಕ್ಷರ, ಅಂದರೆ ಮಾತನ್ನ ಆಗಲೇ ಪರದೆಯ ಮೇಲೆ ಬರೆದು ತೋರಿಸೋದು. ತರಬೇತಾದ ಸ್ಟೆನೋಗ್ರಾಫರುಗಳು ನಿಮಿಷಕ್ಕೆ 200ಕ್ಕೂ ಹೆಚ್ಚು ಇಂಗ್ಲಿಷ್ ಪದ ಹೊಡೆಯಬಲ್ಲರು. ಅಷ್ಟು ಖರ್ಚು ಮಾಡೋಕಾಗಲ್ಲ ಅಂತ ನಮ್ಮ ಕಡೆ ಎಲ್ಲರೂ ತೋರಿಸೋದು ಫೋನನ್ನ. ಗೂಗಲ್ ಧ್ವನಿ ಟೈಪಿಂಗ್ 2017ರಲ್ಲಿ ಕನ್ನಡಕ್ಕೆ ಬಂತು. ಮಾತನ್ನ ಅಕ್ಷರ ಮಾಡೋ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ 2019ರಲ್ಲಿ ಬಂತು. ಪುಕ್ಕಟೆ ಸಿಗುತ್ತೆ, ಕೈಯಲ್ಲೇ ಇರುತ್ತೆ. "ಆ್ಯಪ್ ಇದೆಯಲ್ಲ, ಇನ್ನೇನು?" ಅನ್ನೋ ಮಾತು ಹುಟ್ಟೋದು ಇಲ್ಲೇ.

ನಮ್ಮ ಕನ್ನಡ ಮತ್ತು ಆ್ಯಪು

ಈ ಮಾತಿಗೆ ಕನ್ನಡ ಸಂಘದವರಾದ ನಾವು ಸ್ವಲ್ಪ ನಿಲ್ಲಬೇಕು. ನಮ್ಮ ತರಗತಿಯ ಭಾಷೆ ಯಾವುದು? ಪುಸ್ತಕ ಇಂಗ್ಲಿಷು. ಬೋರ್ಡು ಇಂಗ್ಲಿಷು. ವಿವರಣೆ ಮಾತ್ರ ಹೀಗಿರುತ್ತೆ: "ಟ್ರಾನ್ಸಿಸ್ಟರ್ ಸ್ಯಾಚುರೇಷನ್‌ಗೆ ಹೋಯ್ತು ಅಂದ್ರೆ ಏನಾಯ್ತದೆ? ಸ್ವಿಚ್ ಆನ್ ಆದಂಗೆ. ಅಂಗಲ್ಲ ಕಣ್ರೋ, ಇಲ್ನೋಡಿ!" ನಮಗೆ ಪಾಠ ನಿಜವಾಗಿ ಅರ್ಥವಾಗೋದು ಈ ಭಾಷೆಯಲ್ಲೇ. ಮೇಷ್ಟ್ರ ಮೇಲೆ ಪ್ರೀತಿ ಹುಟ್ಟೋದೂ ಈ ಭಾಷೆಯಲ್ಲೇ. ಈಗ ನಿಮ್ಮ ಫೋನಿನ ಧ್ವನಿ ಟೈಪಿಂಗ್ ತೆಗೆದು ಇದೇ ವಾಕ್ಯವನ್ನ ಒಮ್ಮೆ ಇಂಗ್ಲಿಷ್ ಆರಿಸಿ, ಒಮ್ಮೆ ಕನ್ನಡ ಆರಿಸಿ ಹೇಳಿ ನೋಡಿ. ಬರೋ ಅಕ್ಷರವನ್ನಷ್ಟೇ ನಂಬಿ ಇಂಟರ್ನಲ್ಸ್ ಬರೆಯೋಕೆ ನಿಮಗೆ ಧೈರ್ಯ ಇದೆಯಾ ಅಂತ ನೀವೇ ತೀರ್ಮಾನಿಸಿ.

ಇನ್ನೂ ಒಂದು ಅಪಾಯ ಕನ್ನಡದ ರಚನೆಯಲ್ಲೇ ಇದೆ. ನಮ್ಮ ಭಾಷೆಯಲ್ಲಿ ಹೌದು, ಅಲ್ಲ ಎರಡೂ ತೀರ್ಮಾನವಾಗೋದು ವಾಕ್ಯದ ಕಟ್ಟಕಡೆಯಲ್ಲಿ. ಆಗುತ್ತೆ, ಆಗಲ್ಲ. ಮಾಡಬೇಕು, ಮಾಡಬಾರದು. ಮೇಷ್ಟ್ರ ದನಿ ಇಳಿಯೋದೂ ಅಲ್ಲೇ, ಉಸಿರು ಮುಗಿಯೋದೂ ಅಲ್ಲೇ. ಯಂತ್ರ ಎಲ್ಲ ಪದ ಸರಿಯಾಗಿ ಹಿಡಿದು ಕೊನೆಯ ಒಂದು ಅಕ್ಷರ ತಪ್ಪಿದರೆ ಅರ್ಥ ತಲೆಕೆಳಗು. ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ "ಮುಟ್ಟಬಹುದು", "ಮುಟ್ಟಬಾರದು" ಅನ್ನೋ ಎರಡು ಮಾತಿನ ನಡುವಿನ ಅಂತರ ಅಂಕದ್ದಲ್ಲ, ಜೀವದ್ದು.

ಹಾಗಂತ ಆ್ಯಪ್ ಬೇಡ ಅಂತ ನಾವು ಹೇಳ್ತಿಲ್ಲ. ಕ್ಯಾಂಟೀನಿನಲ್ಲಿ, ಆಫೀಸಿನ ಕೌಂಟರಿನಲ್ಲಿ, ಗೆಳೆಯರ ಗುಂಪಿನಲ್ಲಿ ಅದು ನಿಜಕ್ಕೂ ಒಳ್ಳೆಯದು. ಮೇಷ್ಟ್ರ ಕಾಲರಿನಲ್ಲೇ ಮೈಕ್ ಇದ್ದು, ಅವರು ಒಂದು ವಾಕ್ಯವನ್ನ ಒಂದೇ ಭಾಷೆಯಲ್ಲಿ ಮುಗಿಸಿದರೆ ತರಗತಿಯಲ್ಲೂ ಎಷ್ಟೋ ಸುಧಾರಿಸುತ್ತೆ. ನಾವು ಬೇಡ ಅನ್ನೋದು ಆ್ಯಪ್ ತೋರಿಸಿ ಕೈ ತೊಳೆದುಕೊಳ್ಳೋದನ್ನ.

ಇರೋದು ಎರಡೇ ಕಣ್ಣು

ಯಾವ ದಾರಿ ಆರಿಸಿದರೂ ಒಂದು ತೊಡಕು ಉಳಿಯುತ್ತೆ. ನಾವು ಕಿವಿಯಲ್ಲಿ ಕೇಳ್ತಾ ಕಣ್ಣಿನಲ್ಲಿ ಬೋರ್ಡು ನೋಡ್ತೀವಿ, ಕೈಯಲ್ಲಿ ಬರೀತೀವಿ. ಕಿವುಡ ವಿದ್ಯಾರ್ಥಿ ಬೋರ್ಡನ್ನೂ ಕಣ್ಣಲ್ಲೇ ನೋಡಬೇಕು, ಅನುವಾದಕರನ್ನೋ ಪರದೆಯ ಅಕ್ಷರವನ್ನೋ ಕಣ್ಣಲ್ಲೇ ನೋಡಬೇಕು, ಬರೆಯೋಕೂ ಕಣ್ಣು ಬೇಕು. "ಈ ಕರೆಂಟು ಇಲ್ಲಿಂದ ಇಲ್ಲಿಗೆ" ಅಂತ ಮೇಷ್ಟ್ರು ಬೆರಳು ತೋರಿಸೋ ಹೊತ್ತಿಗೆ ಅವರ ಕಣ್ಣು ಅಕ್ಷರದ ಮೇಲಿರುತ್ತೆ. ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತೆ.

ಇದನ್ನ ಜಗತ್ತಿನಲ್ಲಿ ಹೆಚ್ಚು ಕಾಲ ಅಭ್ಯಾಸ ಮಾಡಿದ ಜಾಗಗಳಲ್ಲಿ ಒಂದು ಅಮೆರಿಕದ ರಾಚೆಸ್ಟರಿನಲ್ಲಿರುವ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ. 1968ರಿಂದ ಅಲ್ಲಿ ಕಿವುಡ ವಿದ್ಯಾರ್ಥಿಗಳು ತಾಂತ್ರಿಕ ಶಿಕ್ಷಣ ಪಡೀತಿದ್ದಾರೆ. ಅಲ್ಲಿನ ಮಾರ್ಕ್ ಮಾರ್ಷಾರ್ಕ್ ಮತ್ತು ಸಂಗಡಿಗರು ಸನ್ನೆ ಅನುವಾದ ಮತ್ತು ಪರದೆಯ ಅಕ್ಷರ ಎರಡನ್ನೂ ಹೋಲಿಸಿ 2006ರಲ್ಲಿ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಎಲ್ಲ ಕಡೆಯೂ ಇದೇ ಮೇಲು ಅಂತ ಯಾವುದೂ ಗೆಲ್ಲಲಿಲ್ಲ. ಅಷ್ಟೆಲ್ಲ ಸೌಲಭ್ಯ ಇರುವ ಕಡೆಯೇ ಒಂದೇ ಉತ್ತರ ಸಿಗಲಿಲ್ಲ ಅಂದರೆ, ನಮ್ಮ ಕಾಲೇಜಿನ ಒಂದು ಸುತ್ತೋಲೆಯಲ್ಲಿ ಸಿಗುತ್ತಾ?

ನಮ್ಮ ನ್ಯಾಯಾಲಯವೂ ಇದೇ ದಾರಿಯಲ್ಲಿ ಮಾತಾಡಿದೆ. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಯಾರಿಗೆ ಯಾವ ಅನುಕೂಲ ಬೇಕು ಅಂತ ದೂರದಿಂದ ಊಹಿಸಬೇಡಿ, ಆ ವ್ಯಕ್ತಿಯ ಜೊತೆ ಮಾತಾಡಿ, ಒಬ್ಬೊಬ್ಬರಿಗೂ ಬೇರೆಯಾಗಿ ತೀರ್ಮಾನಿಸಿ. ಅದು ಬರೆಯೋಕೆ ಕಷ್ಟವಿದ್ದ ಅಭ್ಯರ್ಥಿಯ ಪ್ರಕರಣ, ಆದರೆ ತತ್ವ ಎಲ್ಲರಿಗೂ ಒಂದೇ. 2016ರ ಕಾಯ್ದೆಯ 16ನೇ ಕಲಂ ಕೂಡ ಕಿವುಡರಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಶಿಕ್ಷಣ ಸಿಗಬೇಕು ಅನ್ನುತ್ತೆ. ಕಾಲೇಜಿಗೆ ಸೂಕ್ತ ಅಂತಲ್ಲ, ಅವರಿಗೆ ಸೂಕ್ತ ಅಂತ.

ಸರಿಯಾದ ಸಹಾಯ ಸಿಕ್ಕರೆ ಏನಾಗುತ್ತೆ ಅನ್ನೋಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸನ್ನೆ ಭಾಷೆಯ ಅನುವಾದಕರ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಹಾಗೇ ವಾದ ಮಂಡಿಸಿದರು. ಮಾತೇ ಬಂಡವಾಳವಾದ ವೃತ್ತಿಯಲ್ಲಿ ಇದು ಸಾಧ್ಯ ಅಂದಮೇಲೆ, ಚಿತ್ರ, ಸೂತ್ರ, ಕೋಡುಗಳೇ ಬಂಡವಾಳವಾದ ನಮ್ಮ ವೃತ್ತಿಯಲ್ಲಿ ಯಾಕೆ ಸಾಧ್ಯವಿಲ್ಲ?

"ಒಬ್ಬರಿಗೋಸ್ಕರ ಇಷ್ಟೆಲ್ಲಾನಾ?"

ಈ ಪ್ರಶ್ನೆ ಬಂದೇ ಬರುತ್ತೆ. ಮೊದಲ ಉತ್ತರ: ಆ ಒಬ್ಬರೂ ನಮ್ಮಷ್ಟೇ ಫೀಸು ಕಟ್ಟಿದ್ದಾರೆ, ನಮ್ಮ ಹಾಗೇ ಸೀಟು ಪಡೆದು ಬಂದಿದ್ದಾರೆ. ಒಬ್ಬರೇ ಇದ್ದರೂ ಕಾರಣ ಸಾಕು. ಎರಡನೆಯದು: ಕನ್ನಡ ಮಾಧ್ಯಮದಲ್ಲಿ ಓದಿ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಠದಲ್ಲಿ ಕಂಗಾಲಾಗೋರು ನಮ್ಮಲ್ಲಿ ಎಷ್ಟು ಜನ! ಮುಂಚೆಯೇ ಸಿಗೋ ಸ್ಲೈಡು, ಪದಪಟ್ಟಿ, ಅಕ್ಷರ ಇರುವ ವಿಡಿಯೊ ಅವರಿಗೂ ಬೇಕು.

ಖರ್ಚಿನ ಪ್ರಶ್ನೆ ನಿಜವಾದದ್ದು, ಅದನ್ನ ತಳ್ಳಿಹಾಕಲ್ಲ. ಒಂದೊಂದು ಕಾಲೇಜೂ ಇಬ್ಬಿಬ್ಬರು ಅನುವಾದಕರನ್ನ ಇಟ್ಟುಕೊಳ್ಳೋದು ಕಷ್ಟ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಎಂಜಿನಿಯರಿಂಗ್, ಡಿಗ್ರಿ, ಪಾಲಿಟೆಕ್ನಿಕ್, ಐಟಿಐಗಳೆಲ್ಲ ಸೇರಿ ಒಂದು ತಂಡ ಇಟ್ಟುಕೊಂಡರೆ? ದಿನಕ್ಕೊಂದು ಕಡೆ ನೇರವಾಗಿ, ಉಳಿದ ದಿನ ವಿಡಿಯೊ ಕರೆಯ ಮೂಲಕ. ಮೈಕು, ಪರದೆಗಳನ್ನೂ ಬೇಕಾದ ಕಾಲೇಜಿಗೆ ಎರವಲು ಕೊಡಬಹುದು. ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯನ್ನೂ ಈ ಮಾತುಕತೆಗೆ ಕರೀಬೇಕು. ಶ್ರವಣದ ವಿಷಯದಲ್ಲಿ ದೇಶಕ್ಕೇ ಹೆಸರಾದ ಸಂಸ್ಥೆ ಪಕ್ಕದ ಮೈಸೂರಿನಲ್ಲಿದೆ. ಸಲಹೆ ಕೇಳೋಕೆ ದೆಹಲಿಗೆ ಹೋಗಬೇಕಿಲ್ಲ.

ದುಡ್ಡೇ ಬೇಡದ ಕೆಲಸಗಳು ಇದಕ್ಕಿಂತ ಹೆಚ್ಚಿವೆ. ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟು: ಬರೆಯೋದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ಚಿತ್ರ ತೋರಿಸಿದ ಮೇಲೆ ಎರಡು ಕ್ಷಣ ಸುಮ್ಮನಿರಿ. "ಇದು, ಅದು" ಅನ್ನೋ ಬದಲು ಹೆಸರು ಹೇಳಿ. ಸ್ಲೈಡನ್ನ ಹಿಂದಿನ ದಿನ ಕಳಿಸಿ. ಇಂಟರ್ನಲ್ಸ್ ದಿನಾಂಕವನ್ನ ಬಾಯಲ್ಲಿ ಹೇಳಿ ಬಿಡಬೇಡಿ, ಬೋರ್ಡಿನಲ್ಲಿ ಬರೀರಿ. ವೈವಾದಲ್ಲಿ ಪ್ರಶ್ನೆಯನ್ನ ಬರೆದು ಕೊಡಿ. "ಅರ್ಥ ಆಯ್ತಾ?" ಅನ್ನೋ ಬದಲು "ಏನು ಅರ್ಥ ಆಯ್ತು, ಬರೆದು ತೋರಿಸು" ಅನ್ನಿ.

ನಮ್ಮ ಪಾಲಿನದನ್ನ ನಾವು ಮಾಡ್ತೀವಿ. ಕಿವುಡ ವಿದ್ಯಾರ್ಥಿ ಇರುವ ಪ್ರತಿ ಸೆಕ್ಷನ್ನಿಗೂ ಇಬ್ಬರು ನೋಟ್ಸ್ ಬರೆಯೋರನ್ನ ಸಂಘ ಗೊತ್ತು ಮಾಡುತ್ತೆ. ಅವರ ನೋಟ್ಸು ಅದೇ ಸಂಜೆ ಆ ಸಹಪಾಠಿಗೆ ಸಿಗಬೇಕು, ಉಪಕಾರ ಅಂತಲ್ಲ, ಲೆಕ್ಕದ ಕೆಲಸ ಅಂತ. ಒಂದೊಂದು ವಿಷಯಕ್ಕೂ ಕನ್ನಡ ಮತ್ತು ಇಂಗ್ಲಿಷ್ ಪದಪಟ್ಟಿ ಮಾಡ್ತೀವಿ. ಅನುವಾದಕರಿಗೂ ಅದು ಬೇಕು, ಅಕ್ಷರ ತಿದ್ದೋರಿಗೂ ಬೇಕು. ರೆಕಾರ್ಡ್ ಆದ ಪಾಠಗಳ ಅಕ್ಷರವನ್ನ, ಮುಖ್ಯವಾಗಿ ವಾಕ್ಯದ ಆ ಕೊನೆಯ "ಅಲ್ಲ"ಗಳನ್ನ, ಕೂತು ತಿದ್ತೀವಿ. ಎರಡೂ ಕೈ ಬಳಸೋ ಭಾರತೀಯ ಸನ್ನೆ ಅಕ್ಷರಮಾಲೆಯನ್ನ ಎಲ್ಲರೂ ಕಲೀತೀವಿ. ಅಷ್ಟಕ್ಕೇ ಅನುವಾದಕರಾಗಲ್ಲ ನಿಜ, ಆದರೆ ಊಟದ ಹೊತ್ತಿನಲ್ಲಿ ಒಬ್ಬರೇ ಕೂರೋದಾದರೂ ತಪ್ಪುತ್ತೆ.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಹೂಗುಚ್ಛ ಕೊಟ್ಟು, ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳೋ ಕಾರ್ಯಕ್ರಮ ನಮಗೆ ಬೇಡ. ಆ ದಿನದೊಳಗೆ ಕಾಲೇಜು ಒಂದು ಹಾಳೆಯ ನಿಯಮ ಹೊರಡಿಸಲಿ. ಕಿವುಡ ವಿದ್ಯಾರ್ಥಿ ಸೇರಿದ ಮೊದಲ ವಾರದಲ್ಲೇ ಅವರ ಜೊತೆ, ಅವರಿಗೆ ತಿಳಿಯೋ ಭಾಷೆಯಲ್ಲಿ, ಕೂತು ಮಾತಾಡಬೇಕು. ಎರಡು ವಾರ ಎಲ್ಲ ದಾರಿಯನ್ನೂ ಬಳಸಿ ನೋಡೋಕೆ ಅವಕಾಶ ಕೊಡಬೇಕು. ಅವರು ಆರಿಸಿದ್ದನ್ನ ಬರೆದಿಟ್ಟು ಒದಗಿಸಬೇಕು. ಪ್ರತಿ ಇಂಟರ್ನಲ್ಸ್ ಆದ ಮೇಲೆ "ನಡೀತಿದೆಯಾ, ಬದಲಿಸಬೇಕಾ?" ಅಂತ ಮತ್ತೆ ಕೇಳಬೇಕು. ಇದರ ಜವಾಬ್ದಾರಿ ಯಾವ ಮೇಷ್ಟ್ರದು ಅಂತ ಹೆಸರು ಹಾಕಬೇಕು.

ಆ ಹಾಳೆಯ ಕರಡನ್ನ ಸಂಘ ಬರೆದುಕೊಡೋಕೆ ತಯಾರಿದೆ. ಅದನ್ನ ಮೊದಲು ಓದಿ ತಿದ್ದಬೇಕಾದವರು ಮಾತ್ರ ನಾವೂ ಅಲ್ಲ, ಪ್ರಿನ್ಸಿಪಾಲರೂ ಅಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುತ್ತಿರುವ, ಓದಿ ಮುಗಿಸಿದ, ಅರ್ಧಕ್ಕೇ ಬಿಟ್ಟುಹೋದ ಕಿವುಡ ಗೆಳೆಯರು. ನಿಮಗೆ ಅಂಥವರು ಯಾರಾದರೂ ಗೊತ್ತಿದ್ದರೆ ಈ ಬರಹವನ್ನ ಅವರಿಗೆ ಮುಟ್ಟಿಸಿ, ಅವರ ಮಾತನ್ನ ನಮಗೆ ಮುಟ್ಟಿಸಿ.